ನಡುವೃತ್ತದಲ್ಲಿ ಬಿಟ್ಟ ಬೂಟು

ಜಿಗಣೆ ಆಟದಿಂದ ನಿವೃತ್ತಳಾಗಿದ್ದಾಳೆ ಎಂಬ ಸುದ್ದಿಯನ್ನು ಜಿಗಣೆಗೆ ಮುಟ್ಟಿಸಿದವಳು ಅವಳ ಅಮ್ಮ. ಬೆಳಿಗ್ಗೆ, ಬಚ್ಚಲಿನ ಬಾಗಿಲಿಗೆ ಒರಗಿಕೊಂಡು, ಇವಳು ಹಲ್ಲುಜ್ಜುತ್ತಿದ್ದಾಗ.

"ನಂಗೊಂದು ಮಾತು ಮೊದ್ಲೇ ಹೇಳಬಹುದಿತ್ತು. ಇರ್ಲಿ ಬಿಡು. ಒಳ್ಳೇದೇ ಮಾಡಿದೆ."

"ಏನ್ ಮಾಡಿದೆ?" ಜಿಗಣೆಯ ಬಾಯಿ ತುಂಬ ನೊರೆ.

"ಆಟ ಬಿಟ್ಟೆಯಲ್ಲ. ಲಾಂಡ್ರೀಲಿ ಎಲ್ರೂ ನೋಡಿದಾರೆ. ನಮ್ಮ ಮೇಲ್ವಿಚಾರಕಿಯಂತೂ ಒಗೆಯೋಕೆ ಬಂದಿದ್ದ ಹಾಸಿಗೆ ಬಟ್ಟೇಲೇ ಕಣ್ಣು ಒರೆಸ್ಕೊಂಡ್ಲಂತೆ."

ಅಮ್ಮನದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಊರಿನ ಸಮಸ್ತ ಕೊಳೆಯೂ ಸುದ್ದಿಯೂ ಅಲ್ಲಿಗೆ ಒಂದೇ ಗಂಟಿನಲ್ಲಿ ಬರುತ್ತವೆ. ಜಿಗಣೆ ನೊರೆ ಉಗಿದು, ಅಮ್ಮನ ಕೈಯಿಂದ ಫೋನು ಕಸಿದುಕೊಂಡಳು.

ಚಿತ್ರ ಚೆನ್ನಾಗಿಯೇ ಬಂದಿತ್ತು. ಮೈದಾನದ ನಡುವೃತ್ತ. ಅದರ ಬಿಳಿ ಚುಕ್ಕೆಯ ಮೇಲೆ, ಮದುವೆಗೆ ಬಂದ ಜೋಡಿಯ ಹಾಗೆ ಅಕ್ಕಪಕ್ಕ ಕೂತ ಎರಡು ಬೂಟು. ದೂರದಲ್ಲಿ ಬರಿಗಾಲಲ್ಲಿ ಹೊರಟ ಹೆಂಗಸಿನ ಬೆನ್ನು. ಕೆಳಗೆ ಒಂದು ಸಾಲು: "ನಡುವೃತ್ತ ಬರಿದಾಯಿತು. ಎಲ್ಲದಕ್ಕೂ ಥ್ಯಾಂಕ್ಸ್ ಅಕ್ಕ." ಹಾಕಿದವಳು ತಂಡದ ಅತಿ ಕಿರಿಯಳು, ಎಲ್ಲರೂ ಮರಿ ಎಂದು ಕರೆಯುವ ಹುಡುಗಿ. ಅದರ ಕೆಳಗೆ ಫುಟ್‌ಬಾಲ್ ಮಹಾಸಂಘದ ಪ್ರಕಟಣೆ: ದೇಶದ ಹೆಮ್ಮೆಯ ಮಿಡ್‌ಫೀಲ್ಡರ್‌ಗೆ ಭಾವಪೂರ್ಣ ವಿದಾಯ, ಅರ್ಹತಾ ಸುತ್ತಿನ ಮೊದಲ ಪಂದ್ಯದಂದು ಮೈದಾನದಲ್ಲೇ ಸನ್ಮಾನ.

ಇಷ್ಟು ವರ್ಷ ದೇಶದ ಅಂಗಿ ತೊಟ್ಟವಳ ಫೋಟೊ ಇಷ್ಟು ದೊಡ್ಡದಾಗಿ ಬಂದದ್ದು ಇದೇ ಮೊದಲು. ಅದೂ ಬೆನ್ನು. ಗೋಲು ಹೊಡೆದವಳ ಮುಖ ಪತ್ರಿಕೆಯಲ್ಲಿ ಬರುತ್ತದೆ, ಗೋಲು ತಡೆದವಳ ಮುಖವೂ ಬರುತ್ತದೆ. ನಡುವೆ ಓಡಿ ಓಡಿ ನಡು ಮುರಿದುಕೊಂಡವಳ ಮೊಣಕೈ ಮಾತ್ರ ಯಾರದೋ ಫೋಟೊದ ಅಂಚಿನಲ್ಲಿ ಇಣುಕುತ್ತದೆ.

ಜಿಗಣೆ ಎನ್ನುವುದು ಹುಟ್ಟುಹೆಸರಲ್ಲ. ಹೆತ್ತವರು ಅಷ್ಟು ಕಟುಕರಲ್ಲ. ಎದುರಾಳಿಯ ಕಾಲಿಗೆ ಅಂಟಿಕೊಂಡರೆ ಚೆಂಡು ಹೀರಿಕೊಂಡೇ ಬಿಡುತ್ತಾಳೆಂದು ತಂಡದ ಗೋಲ್‌ಕೀಪರ್ ಇಟ್ಟ ಹೆಸರು. ಈಗ ಎದುರಾಳಿಗಳೂ ಅವರವರ ಭಾಷೆಯಲ್ಲಿ ಅದನ್ನೇ ಅನ್ನುತ್ತಾರೆ, ಬೈಗುಳ ಸೇರಿಸಿ.

"ನಾನು ಯಾವಾಗ ಬಿಟ್ಟೆ?" ಎಂದು ಜಿಗಣೆ ಕೇಳಿದಳು. ಅಮ್ಮನನ್ನಲ್ಲ, ಕನ್ನಡಿಯನ್ನು.

ನಡೆದದ್ದು ಇಷ್ಟೇ. ಈ ತಂಡದಲ್ಲಿ ಯಾವ ನಿಯಮಾವಳಿಯಲ್ಲೂ ಇಲ್ಲದ ಒಂದು ಪದ್ಧತಿ ಇದೆ. ಹಿಂದೊಬ್ಬ ನಾಯಕಿ ತನ್ನ ಕೊನೆಯ ಪಂದ್ಯ ಮುಗಿದ ಮೇಲೆ ಬೂಟು ಬಿಚ್ಚಿ ನಡುವೃತ್ತದಲ್ಲಿಟ್ಟು ಬರಿಗಾಲಲ್ಲಿ ನಡೆದುಹೋಗಿದ್ದಳು. ಅಂದಿನಿಂದ ಆಟ ಬಿಡುವವರೆಲ್ಲ ಹಾಗೇ ಮಾಡುತ್ತಾರೆ. ಮಾತಿಲ್ಲ, ಭಾಷಣವಿಲ್ಲ. ವೃತ್ತದಲ್ಲಿ ಬೂಟು ಬಿಟ್ಟರೆ ನಿವೃತ್ತಿ. ನೋಡುವವರಿಗೂ ಅದು ಗೊತ್ತು, ಕರವಸ್ತ್ರ ಹೊರಗೆ ಬರುತ್ತದೆ.

ಹಿಂದಿನ ಸಂಜೆಯದು ಅಭ್ಯಾಸ ಪಂದ್ಯ. ಬೂಟುಗಳು ಹುಡುಗರ ಕಿರಿಯರ ತಂಡಕ್ಕೆ ತರಿಸಿ ಉಳಿದದ್ದು. ಹೆಂಗಸರ ಪಾದಕ್ಕೆ ಹಿಮ್ಮಡಿಯಲ್ಲಿ ಸಡಿಲ, ಬೆರಳಲ್ಲಿ ಬಿಗಿ. ಜಿಗಣೆಯ ಬಲಗಾಲಿನ ಸೋಲ್ ಎರಡು ವಾರದಿಂದ ಬಾಯಿ ಬಿಡುತ್ತಿತ್ತು. ಅವಳು ಮಹಾಸಂಘದ ಕಾರ್ಯದರ್ಶಿಗೆ ಎದುರಿಗೇ ತೋರಿಸಿದ್ದಳು. ಅವರು ಬಗ್ಗಿ ನೋಡಿ, "ಅಂಟು ಹಾಕ್ಸಿ ಮೇಡಂ, ಅಂಟಿಕೊಳ್ಳೋದರಲ್ಲಿ ನೀವೇ ಎಕ್ಸ್‌ಪರ್ಟು," ಎಂದು ತಾವೇ ನಕ್ಕಿದ್ದರು. ಅವಳು ಅಂಟು ಹಾಕಿಸಿದ್ದಳು. ಪಂದ್ಯದ ಕೊನೆಯ ಗಳಿಗೆಯಲ್ಲಿ ಚೆಂಡು ಹಿಡಿದು ತಿರುಗಿದಾಗ ಮೈ ತಿರುಗಿತು, ಸೋಲ್ ಮಾತ್ರ ಹುಲ್ಲಲ್ಲೇ ಉಳಿಯಿತು. ಚೆಂಡು ಹೋಯಿತು, ಗೋಲೂ ಆಯಿತು. ಸೋಲ್ ಅವಳದು, ಸೋಲು ತಂಡದ್ದು. ಸೀಟಿ ಊದಿದ ಕೂಡಲೇ ಅವಳು ಎರಡೂ ಬೂಟು ಕಿತ್ತು ಬೀಸಿ ಒಗೆದು, ಹಲ್ಲು ಕಡಿಯುತ್ತಾ ಹೊರನಡೆದಿದ್ದಳು. ಬಿದ್ದದ್ದು ನಡುವೃತ್ತದಲ್ಲಿ ನಿಜ. ಮಿಡ್‌ಫೀಲ್ಡರ್ ಆದವಳು ಸಿಟ್ಟು ಬಂದಾಗ ಬೂಟು ಒಗೆಯಲು ಮೂಲೆಯ ಬಾವುಟದ ತನಕ ನಡೆದುಕೊಂಡು ಹೋಗಬೇಕೇ?

"ಒಗೆದ ಬೂಟು ಜೋಡಿಯಾಗಿ ಹೆಂಗೆ ಕೂತ್ಕೊಂಡ್ವು?" ಎಂದು ಅವಳು ಫೋನಿನಲ್ಲಿ ಗೋಲ್‌ಕೀಪರನ್ನು ಕೇಳಿದಳು.

ಗೋಲ್‌ಕೀಪರ್ ತಂಡದ ನಾಯಕಿ, ಜಿಗಣೆಯ ಹಳೆಯ ಗೆಳತಿ. ಯಾರ ಮಾತನ್ನಾದರೂ ಅವರದೇ ಗಂಟಲಲ್ಲಿ ತೆಗೆಯುತ್ತಾಳಾದ್ದರಿಂದ ಅವಳಿಗೆ ಗಿಣಿ ಎಂದು ಹೆಸರು.

"ಮರಿ ಎತ್ತಿಟ್ಲು ಕಣೇ," ಎಂದಳು ಗಿಣಿ, ಮತ್ತು ತಕ್ಷಣ ಮರಿಯ ಮೂಗುಧ್ವನಿಗೆ ಇಳಿದಳು. "'ಅಕ್ಕನ ಕೈ ನಡುಗ್ತಿತ್ತು ಕ್ಯಾಪ್ಟನ್, ಸರಿಯಾಗಿ ಇಡೋಕೂ ಆಗ್ಲಿಲ್ಲ ಪಾಪ. ನಾನೇ ಜೋಡಿಸ್ದೆ.' ಅಳ್ತಾ ಅಳ್ತಾ ಜೋಡಿಸಿದಾಳೆ. ಫೋಟೊ ತೆಗ್ಯೋವಾಗ್ಲೂ ಅಳ್ತಿದ್ಲು."

"ನನ್ನ ಜಾಗಕ್ಕೆ ಬರೋಳು ಅವಳೇ ಅಲ್ವಾ?"

"ಅದೂ ನಿಜ."

"ಅಳು ಬರದೆ ಏನು ಮಾಡುತ್ತೆ. ಆನಂದಬಾಷ್ಪ."

ಗಿಣಿ ಈ ಸಲ ಯಾರ ಧ್ವನಿಯನ್ನೂ ತೆಗೆಯಲಿಲ್ಲ. "ಮೊದ್ಲು ಆಫೀಸಿಗೆ ಹೋಗು," ಎಂದಳು. "ಅರ್ಹತಾ ಸುತ್ತಿಗೆ ಹೆಸರು ಕೊಡೋಕೆ ಇನ್ನು ಸ್ವಲ್ಪ ದಿನಾನೇ ಇರೋದು."

ಜಿಗಣೆಗೂ ಅದೇ ಚಿಂತೆ. ಈ ತಂಡ ಎಂದೂ ದೊಡ್ಡ ಟೂರ್ನಿಯ ಮೆಟ್ಟಿಲು ಹತ್ತಿದ್ದಿಲ್ಲ. ಈ ಸಲದ ಗುಂಪಿನಲ್ಲಿ ಗೆಲ್ಲಬಹುದಾದ ತಂಡಗಳೇ ಇದ್ದವು. ಅವಳ ಮಂಡಿಗಳು ಇನ್ನೊಂದು ಸುತ್ತಿನವರೆಗೆ ಕಾಯುವುದಿಲ್ಲ, ಅದು ಅವಳಿಗೂ ಮಂಡಿಗಳಿಗೂ ಗೊತ್ತಿತ್ತು. ಈ ಸಲ ಆಡದಿದ್ದರೆ ಇಷ್ಟು ವರ್ಷ ಓಡಿದ್ದು ಗಾಣದೆತ್ತಿನ ಓಟ.

ಮಹಾಸಂಘದ ಕಚೇರಿಯಲ್ಲಿ ಗಂಡಸರ ತಂಡದ ಟ್ರೋಫಿಗಳೆಲ್ಲ ಗಾಜಿನ ಕಪಾಟಿನಲ್ಲಿದ್ದವು. ಹೆಂಗಸರು ಗೆದ್ದು ತಂದ ಒಂದೇ ಒಂದು ಬೆಳ್ಳಿಬಣ್ಣದ ಟ್ರೋಫಿ ಬಾಗಿಲ ಬಳಿ ನೆಲದ ಮೇಲಿತ್ತು. ಅದರೊಳಗೆ ಛತ್ರಿಗಳು. ಕಾರ್ಯದರ್ಶಿ ಎದ್ದು ನಿಂತೇ ಸ್ವಾಗತಿಸಿದರು. ಹೊರಟುಹೋಗುವವರಿಗೆ ಅವರು ಸದಾ ಎದ್ದು ನಿಲ್ಲುತ್ತಾರೆ.

"ಬನ್ನಿ ಬನ್ನಿ. ನೋಡಿ, ಇಡೀ ದೇಶ ಅತ್ತಿದೆ. ಎಂಥಾ ಭಾವನಾತ್ಮಕ ಕ್ಷಣ."

"ನಾನು ಆಟ ಬಿಟ್ಟಿಲ್ಲ ಸರ್. ಬೂಟು ಒಗೆದೆ. ಯಾಕೆ ಒಗೆದೆ ಅಂತ ನಿಮಗೆ ಗೊತ್ತು."

ಕಾರ್ಯದರ್ಶಿ ಕೂತರು. ಮುಖದ ಮೇಲಿನ ನಗು ಮಾತ್ರ ಎದ್ದ ಜಾಗದಲ್ಲೇ ಇತ್ತು. "ನೋಡಿ, ಜನ ನೋಡಿದ್ದು ಏನು? ನಡುವೃತ್ತದಲ್ಲಿ ಬೂಟು. ಅದರ ಅರ್ಥ ಏನು ಅಂತ ಸಣ್ಣ ಮಕ್ಕಳಿಗೂ ಗೊತ್ತು. ಪದ್ಧತಿ ಮಾಡಿದ್ದು ನೀವೇ, ನಾವಲ್ಲ. ನಾವು ಗೌರವಿಸಿದ್ವಿ ಅಷ್ಟೇ."

"ಒಂದು ಫೋನ್ ಮಾಡಿ ಕೇಳಬಹುದಿತ್ತು."

"ಅಂಥಾ ದುಃಖದಲ್ಲಿರೋರಿಗೆ ಫೋನ್ ಮಾಡೋದಾ? ಛೆ ಛೆ." ಅವರು ಮೇಜಿನ ಮೇಲಿನ ಪೆನ್ನನ್ನು ಆ ಕಡೆಯಿಂದ ಈ ಕಡೆಗಿಟ್ಟರು. "ಆದರೂ ದಾರಿ ಇಲ್ಲ ಅಂತಲ್ಲ. ಸುದ್ದಿಗಾರರನ್ನ ಕರೀತೀನಿ. ನೀವು ನನ್ನ ಪಕ್ಕ ಕೂತು ಹೇಳಿ: ಆವೇಶದಲ್ಲಿ ನಿವೃತ್ತಿ ತಗೊಂಡೆ, ತಪ್ಪಾಯ್ತು, ಮಹಾಸಂಘ ದೊಡ್ಡ ಮನಸ್ಸು ಮಾಡಿ ಇನ್ನೊಂದು ಅವಕಾಶ ಕೊಡ್ಬೇಕು. ಅಷ್ಟೇ. ಆಮೇಲೆ ಬೂಟು, ಬಸ್ಸು, ಬಚ್ಚಲು ಅಂತ ನೀವು ಆಗಾಗ ತರ್ತೀರಲ್ಲ ತಕರಾರು, ಅದೆಲ್ಲ ಇರಲ್ಲ. ಆಯ್ತಾ?"

ಜಿಗಣೆಗೆ ಆಗ ಎಲ್ಲ ಸ್ಪಷ್ಟವಾಯಿತು. ಮರಿಯದು ದಡ್ಡತನ. ಇವರದು ದಡ್ಡತನವಲ್ಲ. ಬಾಯಿ ಬಿಟ್ಟ ಸೋಲನ್ನು ಬಗ್ಗಿ ನೋಡಿದ ಇದೇ ಕಣ್ಣುಗಳು ಫೋಟೊವನ್ನೂ ನೋಡಿವೆ, ಒಂದು ಬಾಯಿಯನ್ನು ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಅಂಟು ಸಿಗದೆಂದು ಆ ಕ್ಷಣವೇ ಲೆಕ್ಕ ಹಾಕಿವೆ.

"ತಗೊಳ್ಳದೇ ಇರೋ ನಿವೃತ್ತಿಗೆ ನಾನ್ಯಾಕೆ ಕ್ಷಮೆ ಕೇಳ್ಲಿ?"

"ಕೇಳ್ಬೇಡಿ. ಸನ್ಮಾನಕ್ಕೆ ಬನ್ನಿ." ಅವರು ಮತ್ತೆ ಎದ್ದು ನಿಂತರು.

ಮೈದಾನದ ಅಂಚಿನ ಸಾಮಾನು ಕೋಣೆಯಲ್ಲಿ ಕೋಚ್ ಚೆಂಡುಗಳಿಗೆ ಗಾಳಿ ಹೊಡೆಯುತ್ತಿದ್ದರು. ಒಳ್ಳೆಯ ಮನುಷ್ಯ. ಆಟ ಬಲ್ಲವರು. ಆದರೆ ಕಾರ್ಯದರ್ಶಿಯ ಹೆಸರು ಕೇಳಿದರೆ ಅವರಿಂದಲೇ ಗಾಳಿ ಹೊರಟುಹೋಗುತ್ತಿತ್ತು.

"ನನಗೆ ನೀನು ಬೇಕಮ್ಮ," ಎಂದರು ಅವರು, ಪಂಪಿನ ಕಡೆ ನೋಡುತ್ತಾ. "ಆದರೆ ನಿವೃತ್ತಿ ಆದವರ ಹೆಸರು ಬರೆದರೆ ಮೇಲಿನವರು ಹೊಡೆದು ಹಾಕ್ತಾರೆ. ಎರಡು ಮಾತು ಹೇಳಿಬಿಡು. ತಪ್ಪಾಯ್ತು ಅಂದರೆ ನಾಲಿಗೆ ಸವೆಯುತ್ತಾ?"

"ನಿಮ್ಮ ನಾಲಿಗೆ ಸವೆದೇ ಹೋಗಿದೆ ಸರ್. ಅದಕ್ಕೇ ನಿಮಗೆ ಗೊತ್ತಾಗ್ತಿಲ್ಲ."

ಹೇಳಿದ ಮೇಲೆ ಅವಳಿಗೇ ಕೆಡುಕೆನಿಸಿತು. ಆದರೆ ಆ ಮಾತನ್ನು ವಾಪಸ್ಸು ತೆಗೆದುಕೊಳ್ಳುವಷ್ಟು ಕೆಡುಕಲ್ಲ.

ಹೊರಗೆ ಗಿಣಿ ಕಾಯುತ್ತಿದ್ದಳು. ಅವಳ ಹತ್ತಿರ ಒಂದು ಉಪಾಯವಿತ್ತು. ಕಾರ್ಯದರ್ಶಿಯ ಗಂಟಲಲ್ಲಿ ಕೋಚ್‌ಗೆ ಫೋನ್ ಮಾಡುವುದು: ನೋಡಿ, ಜಿಗಣೆ ಹೆಸರು ಸೇರಿಸಿಬಿಡಿ, ನೋಡಿ, ನಾನು ಹೇಳ್ತಿದೀನಿ. "ಅವರ ಹೆಂಡ್ತೀನೇ ಮೋಸ ಹೋಗ್ತಾರೆ, ಅಷ್ಟು ಚೆನ್ನಾಗಿ ಬರುತ್ತೆ," ಎಂದು ಅವಳು ಗಂಟಲು ಸರಿಮಾಡಿಕೊಂಡಳು.

"ಬೇಡ."

"ಯಾಕೆ?"

"ಅವನ ಧ್ವನೀಲಿ ನಾನು ಆಡಲ್ಲ," ಎಂದಳು ಜಿಗಣೆ. "ಇಲ್ಲಿ ಎಲ್ರೂ ನನ್ನ ಪರವಾಗಿ ಮಾತಾಡಿಬಿಟ್ಟಿದಾರೆ. ಫೋಟೊ ಮಾತಾಡ್ತು, ಮರಿ ಮಾತಾಡಿದ್ಲು, ಸಂಘ ಮಾತಾಡ್ತು. ಲಾಂಡ್ರಿ ಕೂಡ ಮಾತಾಡ್ತು. ನನ್ನನ್ನ ಕೇಳಿದೋರು ಒಬ್ರಿಲ್ಲ."

ಹೆಸರುಗಳು ಹೋದವು, ಅವಳದು ಹೋಗಲಿಲ್ಲ. ಅಮ್ಮ ಆ ದಿನಗಳಲ್ಲಿ ಮನೆಯೊಳಗೆ ಹಗುರಾಗಿ ಓಡಾಡಿದಳು. ಮಗಳ ಮಂಡಿಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಕಪಾಟಿನ ಮೇಲಿನ ಅರೆಗೆ ಸರಿಸಿದಳು. ಜಿಗಣೆ ಅದನ್ನು ತೆಗೆದು ಕೆಳಗಿಟ್ಟಳು. ಅಮ್ಮ ಮತ್ತೆ ಮೇಲಿಟ್ಟಳು.

"ಇನ್ನೂ ಎಷ್ಟು ದಿನ ಕುಂಟ್ಕೊಂಡು ಮನೆಗೆ ಬರ್ತೀಯ ನೀನು?" ಎಂದು ಕೊನೆಗೊಂದು ದಿನ ಅಮ್ಮ ಕೇಳಿಯೇಬಿಟ್ಟಳು. "ಬೇರೆಯವರ ರಕ್ತದ ಬಟ್ಟೆ ಒಗೆದು ಮನೆಗೆ ಬಂದರೆ ಇಲ್ಲಿ ನಿನ್ನ ಕಾಲುಚೀಲದಲ್ಲೂ ರಕ್ತ. ನಂಗೆ ಸಾಕಾಗಿದೆ."

"ನಿಂಗೆ ಸಾಕಾದ್ರೆ ಅದನ್ನ ನೀನು ಹೇಳು. ನಂಗೆ ಸಾಕಾಗಿದೆ ಅಂತ ಹೇಳ್ಬೇಡ."

ಬಾಟಲಿ ಮಾತ್ರ ಮೇಲೆಯೇ ಉಳಿಯಿತು.

ಪಂದ್ಯದ ದಿನ ಅವಳು ಸನ್ಮಾನಕ್ಕೆ ಹೋದಳು. ಗಿಣಿಗೂ ಏನೂ ಹೇಳಿರಲಿಲ್ಲ. ಎರಡೂ ತಂಡಗಳು ಸಾಲಾಗಿ ನಿಂತಿದ್ದವು. ನಡುವೆ ಕಂಬಳಿಯಂಥ ಕೆಂಪು ಹಾಸು. ಗಾಜು ಹಾಕಿಸಿದ ಚೌಕಟ್ಟಿನಲ್ಲಿ ಅವಳ ಅಂಗಿ. ಬದುಕಿರುವಾಗಲೇ ಗೋಡೆಗೆ ನೇತುಹಾಕುವ ಸಿದ್ಧತೆ. ಕಾರ್ಯದರ್ಶಿ ಒಂದಿಷ್ಟು ಹೊತ್ತು ತಮ್ಮ ಬಗ್ಗೆ ಮಾತಾಡಿ, ಕೊನೆಗೆ ಅವಳ ಬಗ್ಗೆ ಒಂದು ವಾಕ್ಯ ಹೇಳಿ, ಮೈಕನ್ನು ಅವಳ ಕೈಗಿತ್ತರು.

ಜಿಗಣೆ ಭಾಷಣ ಮಾಡಿದವಳಲ್ಲ. ಮೈದಾನದಲ್ಲಿ ಅವಳು ಆಡುವ ಮಾತೆಂದರೆ ಎಡಕ್ಕೆ, ಹಿಂದೆ, ಬಿಡು, ತಿರುಗು. ಈಗಲೂ ಹಾಗೆಯೇ ತುಂಡುತುಂಡಾಗಿ ಬಂತು.

"ನಾನು ನಿವೃತ್ತಿ ಆಗಿಲ್ಲ. ಬೂಟಿನ ಸೋಲ್ ಕಿತ್ತು ಬಂತು. ಹುಡುಗರಿಗೆ ತಂದು ಮಿಕ್ಕಿದ ಬೂಟು ಅದು. ಇವರಿಗೆ ಮೊದಲೇ ತೋರಿಸಿದ್ದೆ. ಸಿಟ್ಟು ಬಂತು, ಒಗೆದೆ. ನನ್ನನ್ನ ಯಾರೂ ಕೇಳಲಿಲ್ಲ. ಇವತ್ತೂ ನಾನು ಆಡೋಕೆ ತಯಾರಿದೀನಿ, ನಾಳೆಯೂ ತಯಾರಿದೀನಿ. ಈ ಅಂಗಿ ಗಾಜಿನೊಳಗೆ ಬೇಡ. ಮೈಮೇಲೆ ಬೇಕು."

ಕಾರ್ಯದರ್ಶಿ ಮೈಕಿಗೆ ಕೈ ಹಾಕುವಷ್ಟರಲ್ಲಿ ಮಾತು ಮುಗಿದಿತ್ತು. ಚೌಕಟ್ಟನ್ನು ಅವಳು ತೆಗೆದುಕೊಳ್ಳಲಿಲ್ಲ. ಅದನ್ನು ಎದೆಗವಚಿಕೊಂಡು ನಿಂತ ಅವರು, ಬಾಡಿಗೆ ಮನೆ ಖಾಲಿ ಮಾಡುವಾಗ ಕನ್ನಡಿ ಹಿಡಿಸಿ ಬೀದಿಯಲ್ಲಿ ನಿಲ್ಲಿಸಿದವರಂತೆ ಕಂಡರು. ಗ್ಯಾಲರಿಯಲ್ಲಿ ಚಪ್ಪಾಳೆ ಹೊಡೆಯುವುದೋ ಬಿಡುವುದೋ ತಿಳಿಯದ ಒಂದು ಗುಜುಗುಜು. ಮರಿಯ ಮುಖ ಬಿಳುಚಿಕೊಂಡಿತ್ತು.

ಪಂದ್ಯ ಶುರುವಾಯಿತು. ಜಿಗಣೆ ಬೆಂಚಿನ ಹಿಂದಿನ ಬೇಲಿ ಹಿಡಿದು ನಿಂತಳು. ಮರಿ ಅವಳ ಜಾಗದಲ್ಲಿ ಆಡುತ್ತಿದ್ದಳು, ಆಡುತ್ತಿರಲಿಲ್ಲ ಎಂದರೂ ಸರಿಯೇ. ಕಾಲು ಚೆಂಡಿನ ಮೇಲೆ, ಕಣ್ಣು ಬೇಲಿಯ ಮೇಲೆ. ಎದುರಾಳಿಗಳು ನಡುಮೈದಾನದಲ್ಲಿ ಸ್ವಂತ ಅಂಗಳದಲ್ಲಿ ಓಡಾಡುವಂತೆ ಓಡಾಡಿದರು. ಜಿಗಣೆ ತಡೆದುಕೊಂಡಳು. ಇವಳು ಸೋಲಲಿ, ಎಲ್ಲರೂ ನೋಡಲಿ ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಆ ಮೂಲೆ ಚಿಕ್ಕದೇನೂ ಆಗಿರಲಿಲ್ಲ. ಆದರೆ ತನ್ನ ಜಾಗದಲ್ಲಿ ಅಷ್ಟು ದೊಡ್ಡ ಕಂದಕ ಬಾಯ್ತೆರೆದದ್ದನ್ನು ನೋಡುವುದು, ತನ್ನ ಮನೆಯ ನಲ್ಲಿ ಸುಮ್ಮನೆ ಹರಿಯುವುದನ್ನು ಕೂತು ನೋಡಿದಂತಿತ್ತು.

"ಬೆನ್ನ ಹಿಂದೆ ನೋಡು," ಎಂದು ಅವಳು ಕಿರುಚಿದಳು. "ಚೆಂಡು ಬರೋಕೆ ಮೊದ್ಲು ಬೆನ್ನ ಹಿಂದೆ ನೋಡೇ ದಡ್ಡಿ."

ಮರಿ ಹಿಂದೆ ತಿರುಗಿ ನೋಡಿದಳು. ಮೈಮೇಲೆ ಬರುತ್ತಿದ್ದ ಎದುರಾಳಿಯನ್ನು ಕಂಡಳು, ತಪ್ಪಿಸಿಕೊಂಡಳು.

"ಎಡಕ್ಕೆ ಬಿಡು. ನಿಧಾನ. ಮತ್ತೆ ಇಸ್ಕೋ."

ಕೋಚ್ ತಿರುಗಿ ನೋಡಿದರು. ಬೇಲಿಯಿಂದ ದೂರ ಸರಿಯಮ್ಮ ಎನ್ನಬೇಕಿತ್ತು. ಅವರು ಬಾಯಿ ತೆರೆದರು, ಮತ್ತೆ ಮೈದಾನದ ಕಡೆ ತಿರುಗಿ ಕೈಕಟ್ಟಿ ನಿಂತರು. ಆಮೇಲಿನ ಆಟವನ್ನೆಲ್ಲ ಒಂದು ಕೆರಳಿದ ಗಂಟಲು ಆಡಿಸಿತು. ಬೈಗುಳಕ್ಕೊಂದು ಪಾಸು. ಗೋಲು ಆಗಲಿಲ್ಲ, ಆದರೆ ಬಿಟ್ಟುಕೊಡಲೂ ಇಲ್ಲ. ಪಂದ್ಯ ಸಮಬಲ. ಒಂದು ಅಂಕ, ಕನಸು ಜೀವಂತ.

ಬಟ್ಟೆ ಬದಲಿಸುವ ಕೋಣೆಯ ಮುಂದಿನ ಓಣಿಯಲ್ಲಿ ಸುದ್ದಿಗಾರರು ಕಾರ್ಯದರ್ಶಿಯನ್ನು ಮುತ್ತಿಕೊಂಡಿದ್ದರು. ಬೂಟಿನ ಪ್ರಶ್ನೆ, ಮತ್ತೆ ಬೂಟಿನ ಪ್ರಶ್ನೆ. ಕಾರ್ಯದರ್ಶಿಯ ಕಿವಿಗಳು ಕೆಂಪಾಗಿದ್ದವು. ಗೋಡೆಯ ಪಕ್ಕ ನಿಂತ ಜಿಗಣೆ ಕಣ್ಣಿಗೆ ಬಿದ್ದಳು. ಅವರು ಬೆರಳೆತ್ತಿದರು.

"ನೋಡಿ, ಅಶಿಸ್ತನ್ನ ಮಹಾಸಂಘ ಸಹಿಸಲ್ಲ. ಆಕೆಗೆ ಮುಂದಿನ ಎರಡು ಪಂದ್ಯ ಅಮಾನತು. ಈಗಲೇ ಹೇಳ್ತಿದೀನಿ. ಇವತ್ತೇ ಅಂತರರಾಷ್ಟ್ರೀಯ ಸಂಸ್ಥೆಗೂ ತಿಳಿಸ್ತೀವಿ."

ದಪ್ಪ ಕನ್ನಡಕದ ಒಬ್ಬ ಸುದ್ದಿಗಾರ್ತಿ ಬರೆಯುವುದನ್ನು ನಿಲ್ಲಿಸಿದಳು. "ಸರ್, ನಿವೃತ್ತಿ ಆದವರನ್ನ ಅಮಾನತು ಮಾಡೋದು ಹೇಗೆ?"

"ಯಾರ್ರೀ ಹೇಳಿದ್ದು ನಿವೃತ್ತಿ ಅಂತ?" ಎಂದು ಕಾರ್ಯದರ್ಶಿ ಗುಡುಗಿದರು. "ಆಕೆ ಇನ್ನೂ ನಮ್ಮ ಆಟಗಾರ್ತಿ. ನಮ್ಮ ಶಿಸ್ತಿಗೆ ಒಳಪಟ್ಟವಳು. ಹಾಗೆಲ್ಲ ಬಿಟ್ಟು ಹೋಗೋಕೆ ಆಗುತ್ತಾ?"

ಸುದ್ದಿಗಾರ್ತಿ ಮತ್ತೆ ಬರೆಯತೊಡಗಿದಳು. ಕಾರ್ಯದರ್ಶಿಯ ಗಂಟಲಲ್ಲಿ ಬೇರೆ ಯಾರೂ ಇರಲಿಲ್ಲ. ಅಪ್ಪಟ ಅವರದೇ ಧ್ವನಿ. ಗಿಣಿ ಬಾಗಿಲಲ್ಲಿ ನಿಂತಿದ್ದಳು, ತುಟಿ ಬಿಗಿದುಕೊಂಡು.

ಆಗ ಹಿಂದಿನಿಂದ ಕೋಚ್ ಕೆಮ್ಮಿದರು. ಎರಡು ಸಲ. ಅವರ ಕೈಯಲ್ಲಿ ಚೆಂಡಿನ ಚೀಲವಿತ್ತು, ಅದರ ಹಗ್ಗವನ್ನು ಅವರು ಬೆರಳಿಗೆ ಸುತ್ತುತ್ತಿದ್ದರು.

"ಸರ್, ಎರಡು ಪಂದ್ಯ ಅಂದ್ರಿ."

"ಹೌದು, ಎರಡು."

"ಹಾಗಾದ್ರೆ ಅದಾದ ಮೇಲಿನ ಪಂದ್ಯಕ್ಕೆ, ಅಂದ್ರೆ ಕೊನೇದಕ್ಕೆ, ಅವಳು ಸಿಗ್ತಾಳೆ. ಗಾಯ ಆದವರಿದ್ದಾರೆ, ಅವರ ಬದಲಿಗೆ ಹೆಸರು ಸೇರಿಸೋಕೆ ಅವಕಾಶ ಇದೆ." ಅವರು ಸುದ್ದಿಗಾರರ ಕಡೆ ತಿರುಗಿದರು, ಜೀವಮಾನದಲ್ಲಿ ಮೊದಲ ಸಲ ಇರಬೇಕು. "ಕೊನೆಯ ಪಂದ್ಯಕ್ಕೆ ಅವಳು ಬೇಕು ಅಂತ ನಾನು ಕೇಳ್ತೀನಿ. ಬರ್ಕೊಳ್ಳಿ."

ಅವರು ಬರೆದುಕೊಂಡರು. ಕಾರ್ಯದರ್ಶಿ ಏನೋ ಹೇಳಲು ಬಾಯಿ ತೆರೆದು, ಹೇಳಿದರೆ ತಮ್ಮದೇ ಮಾತನ್ನು ನುಂಗಬೇಕಾಗುತ್ತದೆಂದು ಕಂಡುಕೊಂಡು, ನೋಡಿ ಎಂದಷ್ಟೇ ಹೇಳಿ ಹೊರಟುಹೋದರು.

ಕೋಚ್ ಜಿಗಣೆಯ ಹತ್ತಿರ ಬರಲಿಲ್ಲ. ದೂರದಿಂದಲೇ, "ಮಂಡಿ ನೋಡ್ಕೋ," ಎಂದು ಚೀಲ ಹೊತ್ತುಕೊಂಡು ನಡೆದರು.

ಗಿಣಿ ಅವಳನ್ನು ತಬ್ಬಿಕೊಳ್ಳಲು ಬಂದಳು. ಜಿಗಣೆ ತಬ್ಬಿಸಿಕೊಂಡಳು, ಕೈ ಮಾತ್ರ ಎತ್ತಲಿಲ್ಲ. ಗೆದ್ದಂತೆ ಅನಿಸಲಿಲ್ಲ. ಎರಡು ಪಂದ್ಯ ಹೊರಗೆ ನಿಲ್ಲಬೇಕು, ಅವೆರಡೂ ಸೋತರೆ ಕೊನೆಯದು ಬರಿಯ ಹೆಸರಿಗೆ. ತನ್ನದೇ ಆಗಿದ್ದ ಜಾಗವನ್ನು ಶಿಕ್ಷೆಯ ರೂಪದಲ್ಲಿ ಮರಳಿ ಪಡೆದದ್ದಕ್ಕೆ ಯಾರಿಗೆ ಥ್ಯಾಂಕ್ಸ್ ಹೇಳುವುದು?

ಮರಿ ಕೋಣೆಯ ಬಾಗಿಲಲ್ಲಿ ಬೆವರು ಒರೆಸಿಕೊಳ್ಳದೆ ನಿಂತಿದ್ದಳು.

"ಅಕ್ಕಾ, ನಾನು ಬೇಕಂತ ಮಾಡ್ಲಿಲ್ಲ."

"ಗೊತ್ತು."

"ಬೈಯ್ರಿ, ಪರವಾಗಿಲ್ಲ."

"ಬೈದೆನಲ್ಲ, ಆಟ ಪೂರ್ತಿ."

"ನೀವು ವಾಪಸ್ ಬಂದ್ರೆ ನಾನು ಬೆಂಚಿಗೆ ಹೋಗ್ತೀನಿ, ಅಲ್ವಾ?" ಅವಳ ಧ್ವನಿಯಲ್ಲಿ ಅಳು ಇರಲಿಲ್ಲ. ಕೇಳಲೇಬೇಕಾಗಿದ್ದನ್ನು ಕೇಳಿದ್ದಳು.

ಜಿಗಣೆ ಅವಳನ್ನು ಆ ದಿನ ಮೊದಲ ಬಾರಿಗೆ ನೆಟ್ಟಗೆ ನೋಡಿದಳು. ಮುಂದೇನೆಂದು ತನ್ನನ್ನೇ ನೇರವಾಗಿ ಕೇಳಿದ ಮೊದಲನೆಯವಳು ಇವಳೇ.

"ಹೌದು, ಹೋಗ್ತೀಯ. ಅಲ್ಲಿವರೆಗೆ ಎರಡು ಪಂದ್ಯ ಇದೆ. ನೀನು ಉಳಿಸಿಕೊಟ್ರೆ ಕೊನೇದು ನಂದು. ಉಳಿಸದೇ ಇದ್ರೆ ಇಬ್ರಿಗೂ ಇಲ್ಲ." ಅವಳು ಚೀಲವನ್ನು ಹೆಗಲಿಗೇರಿಸಿದಳು. "ನಾಳೆ ಎಲ್ರಿಗಿಂತ ಮೊದ್ಲು ಬಾ. ನಿನ್ನ ಎಡಗಾಲು ಊರುಗೋಲು ಥರ ಇದೆ, ಊರೋಕಷ್ಟೇ ಆಗುತ್ತೆ."

"ಕೋಪ ಹೋಯ್ತಾ ಅಕ್ಕ?"

"ಇಲ್ಲ," ಎಂದಳು ಜಿಗಣೆ. "ಬೇಗ ಬಾ ಅಂದಿದ್ದು ಅದಕ್ಕೇ."